ಧರ್ಮಪೀಠ, ಪಾಠಶಾಲೆ ಮತ್ತು ಪ್ರಭುತ್ವ

ಕ್ಯಾಥೊಲಿಕ್ ಎಂಬುದು ಗ್ರೀಕ್ ಮೂಲದ ಶಬ್ದ. ಸಾರ್ವತ್ರಿಕವಾದುದು ಎಂದು ಅದರ ಅರ್ಥ. ದೇಶ, ಭಾಷೆ, ಕುಲಗಳ ಎಲ್ಲೆಯನ್ನು ಮೀರಿದುದೆಂದು ಹೆಸರಿನಲ್ಲಿಯೇ ಸಾರಿಕೊಳ್ಳುವ ಈ ಮತವು ಆಧುನಿಕ ಯುರೋಪಿನ ಕೆಲವೆಡೆ ರಾಷ್ಟ್ರೀಯತೆಯ ಉಸಿರಾಗಿ ಪರಿಣಮಿಸಿದುದು ಚರಿತ್ರೆಯ ಒಂದು ವೈಚಿತ್ರ್ಯ. 1795ರ ಮೂರನೆಯ ವಿಭಜನೆಯಿಂದ ಪೋಲೆಂಡ್ ಭೂಪಟದಿಂದಲೇ ಅಳಿಸಿಹೋಯಿತು. 1918ರಲ್ಲಿ ಅದು ಮರಳಿ ತಲೆಯೆತ್ತುವವರೆಗೆ ಆ ಜನರಿಗೆ ತಮ್ಮದೆಂದು ಉಳಿದಿದ್ದುದು ತಮ್ಮ ನುಡಿ ಮತ್ತು ತಮ್ಮ ಇಗರ್ಜಿ. ಆಳುವ ರಷ್ಯನ್ನರು ಆರ್ಥೊಡಾಕ್ಸ್ ಪಂಥದವರು, ಪ್ರಷ್ಯದವರು ಪ್ರಾಟೆಸ್ಟಂಟರು. ಆದುದರಿಂದ ಪ್ರಾರ್ಥನೆಯೇ ಪ್ರತಿಭಟನೆಯೂ ಆಯಿತು. ಇದೇ ಬೆಸುಗೆಗೆ ಕರಾಳವಾದ ಮುಖವೂ ಉಂಟು. 1939ರಿಂದ 1945ರವರೆಗೆ ಸ್ಲೊವಾಕಿಯದ ಅಧ್ಯಕ್ಷನಾಗಿದ್ದ ಯೋಸೆಫ್ ಟಿಸೊ ಎಂಬಾತನು ದೀಕ್ಷಾಬದ್ಧನಾದ ಪಾದ್ರಿ. ಹಿಟ್ಲರನ ಆಶ್ರಯದಲ್ಲಿದ್ದ ಅವನ ಸರ್ಕಾರವೇ 1942ರಲ್ಲಿ ಯಹೂದ್ಯರನ್ನು ಸಾವಿನ ಶಿಬಿರಗಳಿಗೆ ಸಾಗಹಾಕಿತು.

ಕಮ್ಯುನಿಸಮ್ಮಿನೊಡನೆ ರೋಮಿನ ವಿರೋಧ ಹಳೆಯದು. 1937ರಲ್ಲಿ ಹನ್ನೊಂದನೆಯ ಪಯಸ್ ಪೋಪರು ನಿರೀಶ್ವರ ಕಮ್ಯುನಿಸಮ್ಮನ್ನು ಖಂಡಿಸಿ ವಿಶ್ವಪತ್ರವನ್ನೇ ಹೊರಡಿಸಿದರು. ಆದರೆ ವಿರಸವು ವಿಷಮಿಸಿದುದು ದೇವರ ಅಸ್ತಿತ್ವದ ವಾದದಲ್ಲಿ ಮಾತ್ರವಲ್ಲ, ಶಾಲೆಯ ಅಂಗಳದಲ್ಲಿ ಎಂಬುದನ್ನು ಗಮನಿಸಬೇಕು. 1948ರಲ್ಲಿ ಹಂಗೇರಿಯ ಸರ್ಕಾರವು ಚರ್ಚಿನ ಶಾಲೆಗಳನ್ನು ರಾಷ್ಟ್ರೀಕರಿಸಿತು. ಅದನ್ನು ಎದುರಿಸಿದ ಕಾರ್ಡಿನಲ್ ಮಿಂಡ್ಸೆಂಟಿಯವರು ಅದೇ ವರ್ಷದ ಡಿಸೆಂಬರಿನಲ್ಲಿ ಸೆರೆಯಾಗಿ 1949ರಲ್ಲಿ ಆಜೀವ ಕಾರಾವಾಸದ ಶಿಕ್ಷೆಗೆ ಗುರಿಯಾದರು. ಮಕ್ಕಳಿಗೆ ಯಾರು ಬೋಧಿಸಬೇಕು, ಬೋಧಿಸುವವನನ್ನು ಯಾರು ನೇಮಿಸಬೇಕು ಎಂಬ ಪ್ರಶ್ನೆ ಅಲ್ಲಿ ಸೆರೆಮನೆಯವರೆಗೆ ಹೋಯಿತು.

ಇಷ್ಟು ದೂರದ ಮಾತನ್ನು ಮಠದ ವಿದ್ಯಾಸಂಸ್ಥೆಯೊಂದರ ಸಂಚಿಕೆಯಲ್ಲಿ ಎತ್ತಿದುದಕ್ಕೆ ಕಾರಣವಿದೆ. ಇದೇ ಪ್ರಶ್ನೆಯು ನಮ್ಮ ನೆರೆಯ ಕೇರಳದಲ್ಲಿ ಒಂದು ಸರ್ಕಾರವನ್ನೇ ಉರುಳಿಸಿತು. ಸಿದ್ಧಗಂಗೆಯಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು 1917ರಲ್ಲಿ ಸಂಸ್ಕೃತ ಪಾಠಶಾಲೆಯನ್ನು ತೆರೆದ ಸೀಮೆಯಲ್ಲಿ, ತುಮಕೂರು, ಗುಬ್ಬಿ, ಕುಣಿಗಲುಗಳ ಅನುದಾನಿತ ಶಾಲೆಗಳಲ್ಲಿ ಪಾಠ ಹೇಳುವ ಬಂಧುಗಳಿಗೆ ಆ ಕಥೆ ಅನ್ಯವಾದುದಲ್ಲ.

1957ರ ಏಪ್ರಿಲ್ 5ರಂದು ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ನೇತೃತ್ವದ ಕಮ್ಯುನಿಸ್ಟ್ ಸರ್ಕಾರ ಅಧಿಕಾರಕ್ಕೆ ಬಂದಿತು. ಅವರು ಆರಿಸಿಬಂದುದು ನೀಲೇಶ್ವರದಿಂದ. ಅದು ಇಂದಿನ ಕಾಸರಗೋಡು ಜಿಲ್ಲೆಯ ಊರು. ರಾಜ್ಯಗಳ ಪುನರ್ವಿಂಗಡಣೆಯಾಗುವ ತನಕ ನಮ್ಮ ದಕ್ಷಿಣ ಕನ್ನಡಕ್ಕೆ ಸೇರಿದ್ದ ಪ್ರದೇಶ. (ಅದೇ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದುದು ಕನ್ನಡಿಗರ ಮನದಿಂಗಿತವನ್ನು ತೋರಿಸಿತ್ತು. ಅದು ಬೇರೆಯೇ ಕಥೆ.) ವಿದ್ಯಾಮಂತ್ರಿಗಳು ಪ್ರೊ. ಜೋಸೆಫ್ ಮುಂಡಶ್ಶೇರಿ, ಮಲಯಾಳದ ಶ್ರೇಷ್ಠ ಸಾಹಿತ್ಯ ವಿಮರ್ಶಕರು, ಹುಟ್ಟಿನಿಂದ ಕ್ಯಾಥೊಲಿಕರು, ತ್ರಿಶ್ಶೂರಿನ ಸೇಂಟ್ ಥಾಮಸ್ ಕಾಲೇಜಿನಲ್ಲಿ ಪಾಠ ಹೇಳಿದವರು. ಚರ್ಚಿನ ಕಣ್ಣಿಗೆ ಮುಳ್ಳಾದ ಮಸೂದೆಯನ್ನು ತಂದವರು ಅವರೇ.

ಆ ಮಸೂದೆಯಲ್ಲಿ ಏನಿತ್ತು? ಖಾಸಗಿ ಶಾಲೆಗಳ ಉಪಾಧ್ಯಾಯರ ಸಂಬಳವನ್ನು ಸರ್ಕಾರವು ನೇರವಾಗಿ ಕೊಡತಕ್ಕದ್ದು. ಪಬ್ಲಿಕ್ ಸರ್ವಿಸ್ ಕಮಿಷನ್ ಆರಿಸಿದ ಪಟ್ಟಿಯಿಂದಲೇ ಆಡಳಿತದವರು ಉಪಾಧ್ಯಾಯರನ್ನು ನೇಮಿಸತಕ್ಕದ್ದು. ಇದು ಹನ್ನೊಂದನೆಯ ಖಂಡ. ಕರ್ತವ್ಯಲೋಪ ಮಾಡಿದ ಶಾಲೆಯ ಆಡಳಿತವನ್ನು ಸರ್ಕಾರ ವಹಿಸಿಕೊಳ್ಳಬಹುದು, ಬೇಕಾದರೆ ಶಾಲೆಗಳನ್ನೇ ಸ್ವಾಧೀನಪಡಿಸಿಕೊಳ್ಳಬಹುದು. ಇವು ಹದಿನಾಲ್ಕು, ಹದಿನೈದನೆಯ ಖಂಡಗಳು. ರುಜು ಹಾಕಿದ ಮೊತ್ತಕ್ಕಿಂತ ಕಡಮೆ ಹಣವನ್ನು ಕೈಗೆ ಪಡೆಯುತ್ತಿದ್ದ ಉಪಾಧ್ಯಾಯರ ದೂರು ಆ ನಾಡಿನಲ್ಲಿ ವ್ಯಾಪಕವಾಗಿತ್ತು. ಆದುದರಿಂದ ಮೊದಲನೆಯ ಏರ್ಪಾಡನ್ನು ದೋಷವೆನ್ನಲು ನನಗೆ ಮನಸ್ಸು ಬಾರದು. ಅರೆಹೊಟ್ಟೆಯ ಗುರುವಿನಿಂದ ಯಾವ ಧರ್ಮವೂ ಬೆಳಗುವುದಿಲ್ಲ. ಆದರೆ ಭಕ್ತರ ಕಾಣಿಕೆಯಿಂದ ಎದ್ದುನಿಂತ ಶಾಲೆಯನ್ನು ಸರ್ಕಾರ ಕಿತ್ತುಕೊಳ್ಳಬಹುದೆಂಬ ಮಾತು ಬೇರೆ. ಹಂಗೇರಿಯ ನೆನಪು ಹಸಿಯಾಗಿದ್ದ ಕಾಲದಲ್ಲಿ ಅದು ಭಯ ಹುಟ್ಟಿಸಿದುದರಲ್ಲಿ ಆಶ್ಚರ್ಯವಿಲ್ಲ.

ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಮಸೂದೆಗೆ ಒಪ್ಪಿಗೆ ಕೊಡದೆ, ಸಂವಿಧಾನದ 143ನೆಯ ಅನುಚ್ಛೇದದಂತೆ ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯ ಕೇಳಿದರು. 1958ರ ಮೇ 22ರಂದು ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸರು ಬಹುಮತದ ಅಭಿಪ್ರಾಯವನ್ನು ಸಾರಿದರು. ವಾಚಕರು ಇದನ್ನು ಸಾವಧಾನದಿಂದ ನೋಡಬೇಕು. ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ಹದಿನಾಲ್ಕು, ಹದಿನೈದನೆಯ ಖಂಡಗಳು 30ನೆಯ ಅನುಚ್ಛೇದಕ್ಕೆ ವಿರುದ್ಧ. ಆದರೆ ಸಂಬಳ, ನೇಮಕ ಇವುಗಳಿಗೆ ಸಂಬಂಧಿಸಿದ ಖಂಡಗಳು, ಆಡಳಿತದ ಹಕ್ಕನ್ನು ಗಂಭೀರವಾಗಿ ತಾಕಿದರೂ, ಅನುದಾನದ ಜೊತೆಗೆ ಬರುವ ನಿಯಂತ್ರಣವೆಂದು ಸಲ್ಲುವುವು. ಆಡಳಿತ ನಡೆಸುವ ಹಕ್ಕು ದುರಾಡಳಿತದ ಹಕ್ಕಾಗದು ಎಂಬುದು ಅಲ್ಲಿಯ ತಾತ್ಪರ್ಯ. ತಿದ್ದಿದ ಮಸೂದೆ 1959ರಲ್ಲಿ ಕಾನೂನಾಯಿತು.

ವಿವಾದ ಅಲ್ಲಿಗೆ ಮುಗಿಯಬಹುದಾಗಿತ್ತು. ಮುಗಿಯಲಿಲ್ಲ. 1959ರ ಜೂನ್ 12ರಂದು ವಿಮೋಚನ ಸಮರಂ ಆರಂಭವಾಯಿತು. ಎರಡೂ ಸಂಸ್ಕೃತ ಶಬ್ದಗಳೇ ಆದುದರಿಂದ ಅರ್ಥ ಹೇಳಬೇಕಾಗಿಲ್ಲ. ಮರುದಿನ ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಏಳು ಮಂದಿ ಬಲಿಯಾದರು. ಯುರೋಪಿಗೂ ಕೇರಳಕ್ಕೂ ಇರುವ ಅಂತರ ಇಲ್ಲಿಯೇ ಸ್ಪಷ್ಟವಾಗುವುದು. ಪೋಲೆಂಡಿನಲ್ಲಿ ಕ್ಯಾಥೊಲಿಕನೆಂದರೆ ಪೋಲಿಷನು ಎಂಬ ಭಾವನೆಯಿತ್ತು. ಕೇರಳದಲ್ಲಿ ಎಲ್ಲ ಪಂಥಗಳ ಕ್ರೈಸ್ತರೂ ಸೇರಿ ಆಗ ಜನಸಂಖ್ಯೆಯ ಐದನೆಯ ಒಂದು ಪಾಲಿಗಿಂತ ತುಸುವೇ ಹೆಚ್ಚಾಗಿದ್ದರು. ತಾವೇ ರಾಷ್ಟ್ರವೆನ್ನಲು ಅವರಿಂದಾಗದು. ಆದುದರಿಂದ ಬಿಷಪರು ನಾಯರ್ ಸರ್ವಿಸ್ ಸೊಸೈಟಿಯ ಮನ್ನತ್ತು ಪದ್ಮನಾಭನ್ ಅವರ ಹೆಗಲಿಗೆ ಹೆಗಲು ಕೊಡಬೇಕಾಯಿತು. ಮುಸ್ಲಿಂ ಲೀಗೂ ಕಾಂಗ್ರೆಸ್ಸೂ ಕೂಡಿಕೊಂಡವು. ನಾಯರ್ ಸಮಾಜಕ್ಕೆ ಶಾಲೆಗಳಷ್ಟೇ ಭೂಸುಧಾರಣೆಯ ಚಿಂತೆಯೂ ಇತ್ತು. ಧರ್ಮರಕ್ಷಣೆಯ ಧ್ವಜದ ಕೆಳಗೆ ಭೂಮಿ, ಶಾಲೆ, ಜಾತಿ, ಪಕ್ಷ ಎಲ್ಲವೂ ಒಟ್ಟಿಗೆ ನಡೆದವು.

ಜುಲೈ 31ರಂದು ಕೇಂದ್ರವು 356ನೆಯ ಅನುಚ್ಛೇದವನ್ನು ಪ್ರಯೋಗಿಸಿ ಆ ಸರ್ಕಾರವನ್ನು ವಜಾ ಮಾಡಿತು. ಬಹುಮತವಿದ್ದ ಚುನಾಯಿತ ಸರ್ಕಾರವನ್ನು ಬೀದಿಯ ಗಲಭೆಯ ಕಾರಣದಿಂದ ಕೆಡವಿದುದನ್ನು ಧರ್ಮದ ಜಯವೆಂದು ಕರೆಯುವುದು ನನಗೆ ಸಮ್ಮತವಲ್ಲ. 1960ರ ಚುನಾವಣೆಯಲ್ಲಿ ಕಮ್ಯುನಿಸ್ಟರ ಸ್ಥಾನಗಳು 60ರಿಂದ 29ಕ್ಕೆ ಇಳಿದವು. ಅವರ ಮತಗಳ ಪಾಲು ಮಾತ್ರ ಏರಿತು.

ಹನ್ನೊಂದನೆಯ ಖಂಡದ ಗತಿ ಏನಾಯಿತೆಂದು ಉಪಾಧ್ಯಾಯರು ಕೇಳಬಹುದು. ಅದನ್ನು ಬದಿಗೆ ಸರಿಸಲಾಯಿತು. ಕೇರಳದ ಅನುದಾನಿತ ಶಾಲೆಗಳಲ್ಲಿ ನೇಮಕ ಮಾಡುವವನು ಇಂದಿಗೂ ಮ್ಯಾನೇಜರನೇ. ಸಂಬಳ ಕೊಡುವುದು ಸರ್ಕಾರದ ಖಜಾನೆ. ಚರ್ಚು ಯಾವುದನ್ನು ಮೊದಲು ವಿರೋಧಿಸಿತೋ ಅದರ ಅರ್ಧವು ಹಾಗೆ ಎಲ್ಲರಿಗೂ ಪ್ರಿಯವಾಗಿ ಉಳಿಯಿತು.

ನಮ್ಮ ರಾಜ್ಯದಲ್ಲಿ ಈ ವಿಚಾರ ಸದ್ದಿಲ್ಲದೆ ನಡೆಯಿತು. ವಿಚಾರಣೆಯಿಲ್ಲದೆ ಖಾಸಗಿ ಸಂಸ್ಥೆಯ ಉಪಾಧ್ಯಾಯನನ್ನು ತೆಗೆದುಹಾಕಬಾರದು, ತೆಗೆದರೆ ಆತನು ನ್ಯಾಯಾಧಿಕರಣದ ಮೊರೆಹೋಗಬಹುದು ಎಂದು 1975ರ ಕಾನೂನು ವಿಧಿಸಿತು. 1983ರ ಕರ್ನಾಟಕ ಶಿಕ್ಷಣ ಅಧಿನಿಯಮವು ಆ ರಕ್ಷಣೆಯನ್ನು ಮುಂದುವರಿಸಿತು. ಇದಕ್ಕಾಗಿ ಯಾವ ಮಠವೂ ಸಮರ ಸಾರಲಿಲ್ಲ. ಕೇರಳದ ಮಸೂದೆಯ ಅಭಿಪ್ರಾಯವು ಮತ್ತೊಮ್ಮೆ ವಿಸ್ತಾರವಾಗಿ ಚರ್ಚೆಗೆ ಬಂದುದೂ ಕನ್ನಡನಾಡಿನಿಂದ ಹೋದ ಮೊಕದ್ದಮೆಯಲ್ಲಿಯೇ: ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ, 2002ರ ಅಕ್ಟೋಬರ್ 31ರಂದು, ಹನ್ನೊಂದು ನ್ಯಾಯಮೂರ್ತಿಗಳ ಪೀಠದ ಮುಂದೆ. ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ನಡೆಸುವ ಹಕ್ಕು ಅಲ್ಪಸಂಖ್ಯಾತರಿಗೆ ಮಾತ್ರವಲ್ಲ, ಎಲ್ಲ ನಾಗರಿಕರಿಗೂ ಉಂಟೆಂದು, ಅನುದಾನ ಪಡೆದಲ್ಲಿ ಅದರ ನಿಬಂಧನೆಗಳೂ ಜೊತೆಗೆ ಬರುವುವೆಂದು ಆ ಪೀಠ ನಿರ್ಣಯಿಸಿತು.