ಓಡುತ್ತಿದೆ ಅಂತ ಬಿಟ್ಟುಬಿಡಬೇಡ

ತಮ್ಮಾ,

ಮೊನ್ನೆ ಅಡಿಕೆ ಪಟ್ಟಿ ತಗೊಂಡು ಹೋಗಲು ನಾನು ಸೊಸೈಟಿಗೆ ಬಂದಾಗ ನೀನು ಅಂದೆಯಲ್ಲ, “ಓಡ್ತಾ ಇದೆಯಲ್ಲ ಸಾರ್, ಸುಮ್ಮನೆ ಯಾಕೆ ಕೈ ಹಾಕೋದು” ಅಂತ. ಆ ಮಾತು ಎರಡು ರಾತ್ರಿಯಿಂದ ತಲೆ ಕೊರೆಯುತ್ತಿದೆ. ನಿನ್ನ ಹಾಗೆಯೇ ಹಳೇ ಫಾಕ್ಸ್‌ಪ್ರೊ ಡೇಟಾಬೇಸ್ ನಂಬಿಕೊಂಡು ಕೂತ ಬೇರೆ ಹುಡುಗರೂ ಇದ್ದಾರೆ. ಅವರೂ ಓದಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಸೊಸೈಟಿಯ ಲೆಕ್ಕದ ಆ ಪ್ರೋಗ್ರಾಂ ಬರೆದವನು ನಾನೇ. 1996ರಲ್ಲಿ, ಡಾಸ್‌ನ ಫಾಕ್ಸ್‌ಪ್ರೊ 2.6ರಲ್ಲಿ. ಅಲ್ಲಿಯವರೆಗೆ ಕಿರ್ದಿ, ಖಾತೆ ಎಲ್ಲ ಕೈಬರಹ. ಮಾರ್ಚ್ ಕೊನೆಗೆ ತಾಳೆ ನೋಡಲು ನಾಲ್ಕು ಜನಕ್ಕೆ ಹತ್ತು ದಿನ. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಬೇರೆ ಬೇರೆ ಮೊತ್ತ ಕೂಡಿ ಪ್ರಿಂಟರಿನಿಂದ ಮೊದಲ ಕಾಗದ ಹೊರಬಂದಾಗ ಆಗಿನ ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಜಾಗ ಉಳಿಸಲೆಂದು ಇಸವಿಗೆ ಎರಡೇ ಅಂಕಿ ಇಟ್ಟಿದ್ದೆ. 2000 ಬಂದರೆ ಲೆಕ್ಕ ಕೆಡುತ್ತದೆಂದು 1999ರ ಮಳೆಗಾಲವಿಡೀ ಒಂದೊಂದೇ ಫೈಲು ತೆರೆದು ತಿದ್ದಿದೆ. ಹೊಸ ಕಂಪ್ಯೂಟರ್ ತಂದರೆ ಪ್ರೋಗ್ರಾಂ ಬಾಗಿಲಲ್ಲೇ ನಿಂತು, ಸೊನ್ನೆಯಿಂದ ಭಾಗಿಸಿದ್ದೀರಿ ಅನ್ನುತ್ತಿತ್ತು. ಯಂತ್ರಗಳು ಅಷ್ಟು ವೇಗವಾಗುತ್ತವೆ ಅಂತ ಫಾಕ್ಸ್‌ಪ್ರೊ ಮಾಡಿದವರು ಎಣಿಸಿರಲಿಲ್ಲ. ಆಮೇಲೆ ವಿಶುವಲ್ ಫಾಕ್ಸ್‌ಪ್ರೊ ಬಂತು, ಸದಸ್ಯರ ಹೆಸರು ನುಡಿ ಫಾಂಟಿನಲ್ಲಿ ಕನ್ನಡವಾಯಿತು.

2003ರ ಆಷಾಢದ ಒಂದು ಸಂಜೆ ಹೇಳಬೇಕು. ಷರಾ ಕಾಲಂನ ಬರಹ ಮುಖ್ಯ ಫೈಲಿನಲ್ಲಿ ಇರುವುದಿಲ್ಲ, ಪಕ್ಕದ ಎಫ್‌ಪಿಟಿ ಫೈಲಿನಲ್ಲಿ ಇರುತ್ತದೆ. ಅದಕ್ಕೆ ಬರೆಯುತ್ತಿದ್ದಾಗಲೇ ಕರೆಂಟು ಹೋಯಿತು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಮಾರನೆಯ ದಿನ ಸದಸ್ಯರ ಫೈಲು ತೆರೆಯಲೇ ಇಲ್ಲ. ಬ್ಯಾಕಪ್ ಹನ್ನೊಂದು ಫ್ಲಾಪಿಗಳಲ್ಲಿತ್ತು. ಏಳನೆಯದು ಓದಲಿಲ್ಲ, ಅದರೊಂದಿಗೆ ಉಳಿದವೂ ಹೋದವು. ಖಾತೆಗಳನ್ನು ಹೇಗೋ ಎತ್ತಿಕೊಂಡೆವು, ಷರಾ ಹೋಯಿತು. ನಾಮಿನಿಗಳ ಹೆಸರಿದ್ದದ್ದು ಅಲ್ಲಿ. ಅದೇ ತಿಂಗಳು ಗಂಡನನ್ನು ಕಳೆದುಕೊಂಡ ಹೆಂಗಸೊಬ್ಬರು ಷೇರಿನ ಹಣ ಕೇಳಿಕೊಂಡು ಬಂದರು. ನಾಮಿನಿ ಅವರೋ, ಗಂಡನ ತಮ್ಮನೋ ಹೇಳಲು ನಮ್ಮಲ್ಲಿ ಏನೂ ಇರಲಿಲ್ಲ. ಅಟ್ಟದ ಮೇಲೆ ಒದ್ದೆಯಾದ ಹಳೇ ರಿಜಿಸ್ಟರಿನಲ್ಲಿ ಹೆಸರು ಸಿಗುವವರೆಗೆ ಮೂರು ತಿಂಗಳು ಆಕೆ ಬಸ್ಸು ಹಿಡಿದು ಬಂದರು. ಬಂದಾಗಲೆಲ್ಲ ಕೊಡೆಯನ್ನು ಹೊರಗೇ ಮಡಚಿಟ್ಟು, ಬೆಂಚಿನ ತುದಿಯಲ್ಲಿ ಕೂರುತ್ತಿದ್ದರು. ಆ ಬೆಂಚು ಈಗಲೂ ನಿನ್ನ ಎದುರಿಗೇ ಇದೆ.

ಒಂದೇ ಕಡೆ ಎಳೆಯಬಾರದು, ಹಳೆಯದರ ಗುಣವನ್ನೂ ಹೇಳುತ್ತೇನೆ. ವೇಗ ಇದೆ, ವರ್ಷವರ್ಷ ಶುಲ್ಕ ಇಲ್ಲ, ಬೇರೆ ಸರ್ವರ್ ಬೇಡ. ಆದರೆ ವಿಶುವಲ್ ಫಾಕ್ಸ್‌ಪ್ರೊಗೆ ಮುಂದಿನ ಆವೃತ್ತಿ ಇಲ್ಲ ಅಂತ ಮೈಕ್ರೋಸಾಫ್ಟ್ 2007ರಲ್ಲೇ ಹೇಳಿಬಿಟ್ಟಿತು. 2015ರ ಜನವರಿಗೆ ಬೆಂಬಲವೂ ನಿಂತಿತು. ಒಂದು ಫೈಲು 2 ಜಿಬಿ ದಾಟುವಂತಿಲ್ಲ. ವಾರ್ಷಿಕ ವರದಿಗಳನ್ನು ನಾನು ಡಾಸ್‌ನಲ್ಲೇ ಬಿಟ್ಟಿದ್ದೆ. 64 ಬಿಟ್ ವಿಂಡೋಸ್‌ನಲ್ಲಿ ಅವು ಹಾಗೆಯೇ ಓಡುವುದಿಲ್ಲ, ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಅವನ್ನು ಓಡಿಸುತ್ತಿರುವ ಮೂಲೆಯ ಆ ಹಳೇ ಯಂತ್ರ ಕೆಟ್ಟ ದಿನ ಏನು ಮಾಡುತ್ತೀ?

ಇನ್ನೂ ಒಂದು ಕೇಳಲೇಬೇಕು. ಬ್ಯಾಕಪ್ ಎಲ್ಲಿ ಅಂದರೆ ಅದೇ ಕಂಪ್ಯೂಟರಿನ ಡಿ ಡ್ರೈವ್ ತೋರಿಸಿದೆಯಲ್ಲ, ನಾಚಿಕೆ ಆಗಬೇಡವೇ? ಪೆನ್‌ಡ್ರೈವಿನಲ್ಲಿದ್ದದ್ದು ದೀಪಾವಳಿಯದು. ಈ ಲೆಕ್ಕದಲ್ಲಿ ನಿನ್ನ ಅಪ್ಪನ ಖಾತೆಯೂ ಇದೆ!

ಬೈದೆ ಅಂತ ಮುಖ ಸಣ್ಣ ಮಾಡ್ಕೋಬೇಡ. ಡಾಸ್ ಬಿಡುವಾಗ ನನಗೂ ಕೈ ನಡುಗಿತ್ತು. ಹೊಸದಕ್ಕೆ ಸಾಗಿಸುವುದನ್ನು ನಿಧಾನಕ್ಕೇ ಮಾಡು. ಸುಗ್ಗಿಯಲ್ಲಿ ಬೇಡ, ಮಳೆಗಾಲದಲ್ಲಿ ಶುರುಮಾಡು. ಪೋಸ್ಟ್‌ಗ್ರೆಸ್ ಆಗಲಿ, ಬೇರೆ ಯಾವ ಡೇಟಾಬೇಸೇ ಆಗಲಿ, ಮೂರು ತಿಂಗಳು ಹಳೆಯದು ಹೊಸದು ಎರಡನ್ನೂ ಜೊತೆಗೆ ಓಡಿಸಿ, ಪ್ರತಿ ಸಂಜೆ ಕಿರ್ದಿಯ ಮೊತ್ತ ಪೈಸೆಗೆ ಪೈಸೆ ತಾಳೆ ನೋಡು. ಡಿಲೀಟ್ ಮಾಡಿದ ಖಾತೆ ಮುಖ್ಯ ಡಿಬಿಎಫ್ ಫೈಲಿನಿಂದ ಹೋಗಿರುವುದಿಲ್ಲ, ಪ್ಯಾಕ್ ಆಜ್ಞೆ ಕೊಡುವವರೆಗೆ ಮುಂದೊಂದು ನಕ್ಷತ್ರ ಹೊತ್ತು ಅಲ್ಲೇ ಇರುತ್ತದೆ. ಆ ನಕ್ಷತ್ರ ನೋಡದೆ ಸಾಗಿಸಿದರೆ ಮುಚ್ಚಿದ ಖಾತೆಗಳೆಲ್ಲ ಎದ್ದು ಕೂರುತ್ತವೆ. ಹೆಸರುಗಳ ಮೇಲೂ ನಿಗಾ ಇರಲಿ: ತೆರೆಯ ಮೇಲೆ ‘ಕ’ ಕಂಡರೂ ಹಳೇ ನುಡಿ ಫಾಂಟಿನಲ್ಲಿ ಒಳಗಿರುವುದು ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆಗೆರೆಯ ಎ. ಯುನಿಕೋಡ್‌ಗೆ ತಿರುಗಿಸದಿದ್ದರೆ ಒಬ್ಬರ ಹೆಸರೂ ಓದಲು ಬರುವುದಿಲ್ಲ.

ನಾನು ಬರೆದದ್ದು, ತೆಗೆದರೆ ಬೇಜಾರಾದೀತು ಅನ್ನುವ ಸಂಕೋಚ ನಿನಗಿದ್ದರೆ ಅದನ್ನು ಬಿಟ್ಟುಬಿಡು. ಫೀಲ್ಡಿನ ಹೆಸರಿಗೆ ಹತ್ತೇ ಅಕ್ಷರ ಸಿಗುತ್ತಿದ್ದ ಕಾಲ ಅದು. ‘ಎಎಂಟಿ2’ ಅಂದರೆ ಮುಂಗಡದ ಬಾಕಿ ಅಂತ ನನ್ನೊಬ್ಬನಿಗೇ ಗೊತ್ತು, ಅಂಥವು ಇನ್ನೂ ನಲವತ್ತು ಇವೆ. ಎಲ್ಲೂ ಬರೆದಿಟ್ಟಿಲ್ಲ, ತಪ್ಪು ನನ್ನದೇ. ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದಿರು, ಬರುತ್ತೇನೆ. ಒಂದು ದಪ್ಪ ನೋಟ್‌ಬುಕ್ ತಂದಿಡು, ನಾನು ಹೇಳುತ್ತಾ ಹೋಗುತ್ತೇನೆ, ನೀನು ಬರೆದುಕೋ.

ಆಶೀರ್ವಾದಗಳೊಂದಿಗೆ,
ನಿನ್ನ ಹಳೇ ಲೆಕ್ಕಿಗ