ಮ್ಯಾಲಕೈಟ್: ತಾಮ್ರದ ಹಸುರುಗಲ್ಲು

ತಾಮ್ರದ ಕೊಡವನ್ನು ಕೆಲಕಾಲ ಬೆಳಗದೆ ಬಿಟ್ಟರೆ ಅದಕ್ಕೆ ಹಸುರು ಕಿಲುಬು ಹತ್ತುವುದು. ತೇವಗಾಳಿಯಲ್ಲಿ ಕಟ್ಟುವ ಆ ಕಿಲುಬಿನಲ್ಲಿ ತಾಮ್ರದ ಕಾರ್ಬೊನೇಟ್ ಇರುವುದುಂಟು. ಅಂಥದೇ ದ್ರವ್ಯವು ಭೂಗರ್ಭದಲ್ಲಿ ನಿಧಾನವಾಗಿ ಘನೀಭವಿಸಿ ಶಿಲಾರೂಪವನ್ನು ತಾಳಿದಾಗ ಮ್ಯಾಲಕೈಟ್ ಎನಿಸಿಕೊಳ್ಳುತ್ತದೆ. ಗ್ರೀಕರು ಒಂದು ಸಸ್ಯಕ್ಕಿಟ್ಟ ಹೆಸರೇ, ಅದರ ಎಲೆಯ ಬಣ್ಣದ ಹೋಲಿಕೆಯಿಂದ, ಈ ಕಲ್ಲಿಗೂ ಸಂದಿತು.

ತಾಮ್ರವು ನೆಲದಾಳದಲ್ಲಿ ಹೆಚ್ಚಾಗಿ ಗಂಧಕದೊಡನೆ ಕೂಡಿಕೊಂಡಿರುತ್ತದೆ. ಮಳೆಯ ನೀರೂ ಅದರಲ್ಲಿ ಕರಗಿದ ಆಮ್ಲಜನಕವೂ ಬಂಡೆಯ ಬಿರುಕುಗಳಲ್ಲಿಳಿದು ಅಂಥ ಅದಿರನ್ನು ಮುಟ್ಟಿದಾಗ ಗಂಧಕವು ಸಲ್ಫೇಟಾಗಿ ಮಾರ್ಪಡುವುದು. ತಾಮ್ರವು ನೀರಿನಲ್ಲಿ ಕರಗಿ ಹರಿಯುವುದು. ಈ ಹುಳಿನೀರಿಗೆ ದಾರಿಯಲ್ಲಿ ಸುಣ್ಣಕಲ್ಲು ಎದುರಾದರೆ ಅದರ ಹುಳಿ ಮುರಿಯುತ್ತದೆ, ಕಾರ್ಬೊನೇಟೂ ಒದಗುತ್ತದೆ. ಆಗ ತಾಮ್ರವು ಹಸುರಾಗಿ ಮರಳಿ ಘನರೂಪಕ್ಕೆ ಬರುತ್ತದೆ. ಪದರದ ಮೇಲೆ ಪದರ ಕೂಡುತ್ತ ದ್ರಾಕ್ಷಿಗೊಂಚಲಿನಂಥ ಉಬ್ಬುಗಳೇಳುತ್ತವೆ. ಕೊಯ್ದು ಮೆರುಗಿಟ್ಟ ಕಲ್ಲಿನಲ್ಲಿ ಕಾಣುವ ತಿಳಿಹಸುರು, ಕಡುಹಸುರು ಬಳೆಗಳು ಆ ಪದರಗಳೇ. ಇಲ್ಲಿ ಬಣ್ಣವು ಮತ್ತಾವುದೋ ಕಲ್ಮಷದಿಂದ ಬಂದುದಲ್ಲ, ತಾಮ್ರದ ಸಹಜಗುಣ. ಕಲ್ಲನ್ನು ಅರೆದರೂ ಹಸುರು ಅಳಿಯದು.

ಇದರ ಒಡಹುಟ್ಟು ನೀಲಿಯ ಅಜುರೈಟ್. ಇಂಗಾಲದ ಡೈ ಆಕ್ಸೈಡ್ ಹೆಚ್ಚಾಗಿರುವೆಡೆ ಅದು ಹುಟ್ಟುತ್ತದೆ. ಆದರೆ ಮ್ಯಾಲಕೈಟಿನಷ್ಟು ಸ್ಥಿರವಲ್ಲ. ಯೂರೋಪಿನ ಕೆಲವು ಹಳೆಯ ಚಿತ್ರಗಳಲ್ಲಿ ನೀಲಿಯೆಂದು ಬಳಿದದ್ದು ಹಸುರಿಗೆ ತಿರುಗಿರುವುದಕ್ಕೆ ಈ ಅಸ್ಥಿರತೆಯೇ ಕಾರಣ.

ಮ್ಯಾಲಕೈಟಿನ ಕಾಠಿಣ್ಯ ಮೋಸ್ ಮಾನದಲ್ಲಿ 3.5ರಿಂದ 4, ಬೆಣಚುಕಲ್ಲಿನದು 7. ಎಂದೇ ಇದು ಆಭರಣದ ಕಲ್ಲಾಗಿ ಬಾಳಿಕೆಯದಲ್ಲ. ಸಾಮಾನ್ಯ ಧೂಳೂ ಗೀರಬಲ್ಲದು. ನೀರಿಗಿಂತ ಸುಮಾರು 4 ಪಟ್ಟು ಭಾರ. ಹುಣಿಸೆಹುಳಿಗೆ ಕಿಲುಬು ಸೋಲುವಂತೆ ಇದೂ ಆಮ್ಲಕ್ಕೆ ಸೋತು ಬುರುಗೆದ್ದು ಕರಗುತ್ತದೆ. ಇದರ ಧೂಳು ವಿಷಕರವಾದುದರಿಂದ ಕೊಯ್ಯುವವರು ನೀರು ಬಿಡುತ್ತ ಕೊಯ್ಯಬೇಕು.

ಪ್ರಾಚೀನ ಈಜಿಪ್ಟಿನವರು ಇದನ್ನರೆದು ಕಣ್ಣಿಗೆ ಹಚ್ಚಿಕೊಂಡರು. ಆದರೆ ಇದರ ಹಿರಿಮೆ ಆ ಕಣ್ಗಪ್ಪಿನಲ್ಲಿಲ್ಲ. ತೂಕದಲ್ಲಿ 57 ಭಾಗಕ್ಕೂ ಮಿಗಿಲಾಗಿ ಶೇಕಡಾವಾರು ತಾಮ್ರವೇ ಇರುವ ಈ ಕಲ್ಲು ಕಾಯಿಸಿದರೆ ಕರಿಯ ಆಕ್ಸೈಡಾಗುವುದು; ಇದ್ದಲಿನೊಡನೆ ಬಲವಾಗಿ ಕಾಸಿದರೆ ಲೋಹವನ್ನೇ ಬಿಟ್ಟುಕೊಡುವುದು. ವೇಲ್ಸಿನ ಗ್ರೇಟ್ ಓರ್ಮ್ ಬೆಟ್ಟದಲ್ಲಿ ಕಂಚಿನ ಯುಗದ ಜನರು ಮೂಳೆಯ ಉಪಕರಣಗಳಿಂದ ತೋಡಿದ ಸುರಂಗಗಳು ಈ ಹಸುರದಿರಿನ ಬೆನ್ನು ಹಿಡಿದು ಹೋದವೇ.

ರಷ್ಯದ ಯೂರಲ್ ಪರ್ವತಗಳಲ್ಲಿ ದೊರೆತ ಕಲ್ಲಿನ ಕಥೆ ಬೇರೆ. 1837ರ ಬೆಂಕಿಯ ತರುವಾಯ ಸೇಂಟ್ ಪೀಟರ್ಸ್‌ಬರ್ಗಿನ ಚಳಿಗಾಲದ ಅರಮನೆಯಲ್ಲಿ ಬ್ರ್ಯುಲ್ಲೋವನು ರೂಪಿಸಿದ ಮ್ಯಾಲಕೈಟ್ ಕೋಣೆಯ ಕಂಬಗಳು ನೋಟಕ್ಕೆ ಅಖಂಡಶಿಲೆಗಳು. ವಸ್ತುತಃ ಕೆಲವೇ ಮಿಲಿಮೀಟರು ದಪ್ಪದ ಹಲ್ಲೆಗಳನ್ನು, ಒಂದರ ಗೆರೆ ಮತ್ತೊಂದರ ಗೆರೆಗೆ ಕೂಡುವಂತೆ, ಬೇರೆಯ ಆಧಾರದ ಮೇಲೆ ಅಂಟಿಸಿದ್ದಾರೆ. ಬೆಸುಗೆಯ ಸಂದುಗಳನ್ನು ಕಲ್ಲಿನ ಪುಡಿ ಬೆರೆಸಿದ ಅಂಟಿನಿಂದಲೇ ಮುಚ್ಚಿದರು.