ಮಾತು ತಡವಾದ ಮಗು: ಸರ್ಟಿಫಿಕೇಟಿಗೂ ಮೊದಲೇ ಇರುವ ಹಕ್ಕುಗಳು

ಮೂರು ವರ್ಷದ ಹುಡುಗ. ಅಂಗಿಯ ಕಾಲರ್ ಸದಾ ಒದ್ದೆ. ಬಳಪ, ಚಪ್ಪಲಿಯ ಪಟ್ಟಿ, ಅಮ್ಮನ ಸೆರಗಿನ ತುದಿ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. ಅನ್ನದ ಅಗುಳು ನಾಲಿಗೆಗೆ ತಾಕಿದರೆ ಉಗುಳುತ್ತಾನೆ, ನುಣ್ಣನೆಯ ರಾಗಿ ಸರಿ ಮಾತ್ರ ಗಂಟಲಿಳಿಯುತ್ತದೆ. ‘ಅಮ್ಮ’ ಬಿಟ್ಟರೆ ಬೇರೆ ಮಾತಿಲ್ಲ. ಕಾನೂನು ಅರಿವು ಶಿಬಿರ ಮುಗಿದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬಂದ ತಾಯಿ ಕೇಳಿದ್ದು ಇಷ್ಟೇ: “ಸರ್ಟಿಫಿಕೇಟ್ ಆಗೋತನಕ ಏನೂ ಸಿಗಲ್ವಂತಲ್ಲ ಮೇಡಂ, ನಿಜವಾ?”

ನಿಜವಲ್ಲ. ಅಂಗವೈಕಲ್ಯ ಪ್ರಮಾಣಪತ್ರ ಬೇಕಾಗುವುದು ಕೆಲವು ಸೌಲಭ್ಯಗಳಿಗೆ ಮಾತ್ರ. ತಪಾಸಣೆ, ಆರಂಭಿಕ ಚಿಕಿತ್ಸೆ, ಶಾಲೆಯಲ್ಲಿ ಗೌರವದ ಜಾಗ ಇವಕ್ಕೆ ಅದನ್ನು ಕಾಯಬೇಕಿಲ್ಲ. ಇದು ಗೊತ್ತಿಲ್ಲದೆ ಮಗುವಿನ ಮಿದುಳು ಅತಿ ವೇಗವಾಗಿ ಕಲಿಯುವ ವರ್ಷಗಳನ್ನೇ ಎಷ್ಟೋ ಮನೆಗಳು ಕಳೆದುಕೊಳ್ಳುತ್ತಿವೆ.

ಯಾವಾಗ ತೋರಿಸಬೇಕು?

ವರ್ಷ ತುಂಬಿದರೂ ತೊದಲು ಸದ್ದಿಲ್ಲ, ಒಂದೂವರೆ ವರ್ಷಕ್ಕೂ ಒಂದು ಪದವಿಲ್ಲ, ಎರಡು ತುಂಬಿದರೂ ‘ಹಾಲು ಕೊಡು’ ಎಂಬಂತೆ ಎರಡು ಪದ ಜೋಡಿಸುವುದಿಲ್ಲ ಎಂದಾದರೆ ಕಾಯಬೇಡಿ. ‘ಅವರಪ್ಪನೂ ತಡವಾಗೇ ಮಾತಾಡಿದ್ದು’ ಎಂಬ ಹಿರಿಯರ ಸಮಾಧಾನ ಪ್ರೀತಿಯದೇ, ಆದರೆ ಅದು ಪರೀಕ್ಷೆಯಲ್ಲ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಸದಾ ಕಚ್ಚುವುದು, ಕೆಲವು ಆಹಾರವನ್ನು ಬಾಯಿಗೇ ಸೇರಿಸದಿರುವುದು ಹಠವೇ ಆಗಿರಬೇಕಿಲ್ಲ. ಬಾಯಿಯ ಸ್ಪರ್ಶ ಸಂವೇದನೆ ಕೆಲವು ಮಕ್ಕಳಲ್ಲಿ ಹೆಚ್ಚು, ಕೆಲವರಲ್ಲಿ ಕಡಿಮೆ. ಮಣ್ಣು, ಸುಣ್ಣ ತಿನ್ನುತ್ತಿದ್ದರೆ ರಕ್ತಹೀನತೆಯ ಪರೀಕ್ಷೆಯನ್ನೂ ಕೇಳಿ.

ಉಚಿತ ತಪಾಸಣೆ ಎಲ್ಲಿ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 25ನೇ ಸೆಕ್ಷನ್ ಪ್ರಕಾರ, ಅಪಾಯದ ಲಕ್ಷಣವಿರುವ ಮಕ್ಕಳನ್ನು ಗುರುತಿಸಲು ಎಲ್ಲ ಮಕ್ಕಳನ್ನೂ ವರ್ಷಕ್ಕೆ ಒಮ್ಮೆಯಾದರೂ ತಪಾಸಣೆ ಮಾಡಿಸುವುದು ಸರ್ಕಾರದ ಹೊಣೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗೆ ಒಂದು ಬಾರಿ ಬರಬೇಕು. ಆ ತಂಡ ನೋಡಬೇಕಾದ ಸಮಸ್ಯೆಗಳ ಪಟ್ಟಿಯಲ್ಲಿ ಮಾತಿನ ಬೆಳವಣಿಗೆ ತಡವಾಗುವುದೂ ಇದೆ. ತಂಡ ಯಾವಾಗ ಬರುತ್ತದೆ ಎಂದು ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಆ ದಿನ ಮಗುವನ್ನು ತಪ್ಪಿಸಬೇಡಿ.

ಸಂದೇಹ ಬಂದರೆ ತಂಡ ಮಗುವನ್ನು ಜಿಲ್ಲಾ ಮಟ್ಟದ ಆರಂಭಿಕ ಚಿಕಿತ್ಸಾ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ ಕಳಿಸುತ್ತದೆ. ಅಲ್ಲಿನ ಸೇವೆ ಉಚಿತ. ರೆಫರಲ್ ಚೀಟಿಯನ್ನು ಜೋಪಾನ ಮಾಡಿ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ.

‘ಈ ಮಗು ಬೇಡ’ ಎಂದರೆ?

ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆ ವಿಕಲತೆಯ ಕಾರಣಕ್ಕೆ ತಾರತಮ್ಯ ಮಾಡದೆ ಮಗುವನ್ನು ಸೇರಿಸಿಕೊಳ್ಳಬೇಕು, ಅದರ ಅಗತ್ಯಕ್ಕೆ ತಕ್ಕ ಸಮಂಜಸ ಅನುಕೂಲ ಕಲ್ಪಿಸಬೇಕು. ಇದು 2016ರ ವಿಕಲಚೇತನರ ಕಾಯ್ದೆಯ 16ನೇ ಸೆಕ್ಷನ್. ಪ್ರವೇಶಕ್ಕೆ ಮುನ್ನ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷೆಗೆ ಒಡ್ಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 13ನೇ ಸೆಕ್ಷನ್ ನಿಷೇಧಿಸಿದೆ.

‘ಶೇ 40 ಇದೆಯಾ?’ ಎಂದು ಯಾರಾದರೂ ಕೇಳಿದರೆ 2021ರ ವಿಕಾಶ್ ಕುಮಾರ್ ಪ್ರಕರಣವನ್ನು ನೆನಪಿಸಿ. ಸಮಂಜಸ ಅನುಕೂಲ ಪಡೆಯಲು ಶೇ 40ರ ವಿಕಲತೆ ಇರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ ಅಲ್ಲಿ ಸ್ಪಷ್ಟಪಡಿಸಿದೆ.

ಕೇಳಬೇಕಾದ ಅನುಕೂಲಗಳೇನೂ ದೊಡ್ಡವಲ್ಲ. ಮನೆಯಿಂದ ತಂದ ಮೆತ್ತನೆಯ ಊಟಕ್ಕೆ ಅವಕಾಶ. ಕಚ್ಚಲು ಸುರಕ್ಷಿತ ವಸ್ತು. ಬಾಯಿಮಾತಿನ ಬದಲು ಚಿತ್ರ ತೋರಿಸಿ ‘ನೀರು’, ‘ಶೌಚ’ ಎಂದು ತಿಳಿಸುವ ವ್ಯವಸ್ಥೆ. ಕಾಲರ್ ಕಚ್ಚಿದ್ದಕ್ಕೆ ಶಿಕ್ಷೆ ಕೊಡದಿರುವುದು. ಇವನ್ನು ಒಂದು ಹಾಳೆಯಲ್ಲಿ ಬರೆದು, ಥೆರಪಿಸ್ಟ್ ಸಲಹೆ ಲಗತ್ತಿಸಿ ಮುಖ್ಯಶಿಕ್ಷಕರಿಗೆ ಕೊಡಿ. ಇನ್ನೊಂದು ಪ್ರತಿಗೆ ಸಹಿ, ಮೊಹರು ಹಾಕಿಸಿಕೊಳ್ಳಿ. ಸಮಗ್ರ ಶಿಕ್ಷಣದಡಿ ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರ (ಬಿಐಇಆರ್‌ಟಿ) ನೆರವನ್ನೂ ಕೇಳಬಹುದು.

ಪ್ರಮಾಣಪತ್ರ ಯಾರಿಗೆ?

ವಿಕಲಚೇತನರ ಕಾಯ್ದೆಯ ಅನುಸೂಚಿಯಲ್ಲಿ 21 ವಿಕಲತೆಗಳಿವೆ. ಬರೀ ಸಂವೇದನೆಯ ತೊಂದರೆ ಆ ಪಟ್ಟಿಯಲ್ಲಿಲ್ಲ. ‘ಮಾತು ಮತ್ತು ಭಾಷೆಯ ವಿಕಲತೆ’ ಇದೆಯಾದರೂ ಅದು ಶಾಶ್ವತ ತೊಂದರೆಗೆ ಸಂಬಂಧಿಸಿದ್ದು. ಮಾತು ತಡವಾದ ಮಾತ್ರಕ್ಕೆ ಪ್ರಮಾಣಪತ್ರ ಸಿಗುವುದಿಲ್ಲ. ಸಿಗಲಿಲ್ಲವೆಂದು ಥೆರಪಿ ನಿಲ್ಲಿಸಬೇಡಿ. ಆಟಿಸಂ, ಶ್ರವಣದೋಷ, ಬೌದ್ಧಿಕ ವಿಕಲತೆ ಅಥವಾ ಸೆರೆಬ್ರಲ್ ಪಾಲ್ಸಿ ಎಂದು ಪತ್ತೆಯಾದರೆ ಸ್ವಾವಲಂಬನ್ ಜಾಲತಾಣದಲ್ಲಿ ಪ್ರಮಾಣಪತ್ರಕ್ಕೂ ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೂ ಅರ್ಜಿ ಹಾಕಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯೂ), ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು (ಎಂಆರ್‌ಡಬ್ಲ್ಯೂ) ಇದಕ್ಕೆ ನೆರವಾಗುತ್ತಾರೆ. ವೈದ್ಯಕೀಯ ಪ್ರಾಧಿಕಾರದ ತೀರ್ಮಾನ ಒಪ್ಪಿಗೆಯಾಗದಿದ್ದರೆ 59ನೇ ಸೆಕ್ಷನ್ ಅಡಿ ಮೇಲ್ಮನವಿ ಸಲ್ಲಿಸಬಹುದು.

ಶೇ 40 ಅಥವಾ ಹೆಚ್ಚು ವಿಕಲತೆಯಿರುವ 6ರಿಂದ 18 ವರ್ಷದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಅಥವಾ ತಾವು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣದ ಹಕ್ಕಿದೆ. ಆಟಿಸಂ ಇರುವ ಮಕ್ಕಳು ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಗೂ ಅರ್ಹರು. ಅದರ ಮಿತಿ 1 ಲಕ್ಷ ರೂಪಾಯಿ, ಥೆರಪಿಯ ವೆಚ್ಚವೂ ಅದರಲ್ಲಿ ಸೇರಿದೆ.

ದುಡ್ಡು ಕೊಡುವ ಮುನ್ನ

ಖಾಸಗಿ ಸ್ಪೀಚ್ ಥೆರಪಿಗೆ ಹೋಗುವುದಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಕೇಳಲು ಸಂಕೋಚ ಬೇಡ. ನೋಂದಣಿ ಇಲ್ಲದೆ ಈ ವೃತ್ತಿ ನಡೆಸುವುದು 1992ರ ಕಾಯ್ದೆಯಡಿ ಶಿಕ್ಷಾರ್ಹ. ಪ್ರತಿ ಪಾವತಿಗೂ ರಸೀದಿ ಪಡೆಯಿರಿ. ಕಚ್ಚುವ ಮಗುವಿಗೆ ಆಟಿಕೆ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಆ ಗುರುತು 2021ರ ಜನವರಿ 1ರಿಂದ ಕಡ್ಡಾಯ. ಮೋಸವಾದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ದೂರು ಎಲ್ಲಿ?

ಹಕ್ಕು ನಿರಾಕರಿಸಿದರೆ ರಾಜ್ಯ ವಿಕಲಚೇತನರ ಆಯುಕ್ತರಿಗೆ ಲಿಖಿತ ದೂರು ಕೊಡಿ. ಯಾವ ದಿನ, ಯಾರು, ಏನು ಹೇಳಿದರು ಎಂಬಿಷ್ಟು ಇದ್ದರೆ ಸಾಕು. ವಿಕಲಚೇತನರ ಕಾಯ್ದೆಯ ಉಲ್ಲಂಘನೆಗೆ ಮೊದಲ ಬಾರಿ 10,000 ರೂಪಾಯಿವರೆಗೆ, ಮರುಕಳಿಸಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡವಿದೆ. ವಕೀಲರ ಶುಲ್ಕಕ್ಕೆ ಹೆದರಬೇಡಿ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1987ರಡಿ ಮಹಿಳೆಯರಿಗೆ, ಮಕ್ಕಳಿಗೆ, ವಿಕಲಚೇತನರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ 15100.

ಆ ತಾಯಿಗೆ ಅವತ್ತು ನಾನು ಹೇಳಿದ್ದು ಇಷ್ಟು: ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮಗ ಏನು ಕಚ್ಚಿದ, ಏನು ಉಗುಳಿದ, ಯಾವ ಸದ್ದು ಮಾಡಿದ ಎಂದು ದಿನಾ ಎರಡು ಸಾಲು ಬರೆಯಿರಿ. ಚೀಟಿ, ರಸೀದಿಗಳನ್ನು ಅದರೊಳಗೇ ಇಡಿ. ವೈದ್ಯರ ಮುಂದೆ ಅದು ಮಗುವಿನ ಚರಿತ್ರೆ, ಆಯುಕ್ತರ ಮುಂದೆ ಅದೇ ಸಾಕ್ಷ್ಯ. ಮಗು ತಾನಾಗಿ ಹೇಳಿಕೊಳ್ಳುವವರೆಗೆ ಅದರ ಪರವಾಗಿ ಮಾತಾಡುವುದು ಆ ಪುಸ್ತಕವೇ.